ಡಿ ಪಕ್ಕದ ಸಂದು

ಕುಂಬಳಕಾಯಿ ಕಳ್ಳ ಎಂದರೆ ಗೇರ್ ಮುಟ್ಟಿ ನೋಡಿಕೊಂಡನಂತೆ. ಗಾದೆ ಹಾಗಲ್ಲ, ಅದು ಹೆಗಲು ಎಂದು ತಿದ್ದಲು ಬರಬೇಡಿ. ಇದು ನಡೆದ ಕಥೆ. ಮುಗಿಯುವಷ್ಟರಲ್ಲಿ ಹೆಗಲನ್ನು ನೀವೇ ಮರೆತಿರುತ್ತೀರಿ.

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಸತ್ತದ್ದು ಅಂಗಳದ ಗೋಡೆಗೆ ಬಣ್ಣ ಹಚ್ಚುತ್ತಿದ್ದಾಗ. ಗೋಡೆಯ ತುಂಬ ರಸ್ತೆ ಚಿಹ್ನೆಗಳು. ‘ನಿಲ್ಲಿ’ ಎಂಬ ಕೆಂಪು ಚಿಹ್ನೆಯ ಪಕ್ಕದಲ್ಲಿ ಅವರು ಹೊಸದೊಂದು ತ್ರಿಕೋನ ಬರೆಯುತ್ತಿದ್ದರು. ಸ್ಕೂಲಿನದೇ ಕಾರು ಹಿಂದಿನಿಂದ ಬಂತು. ‘ನಿಲ್ಲಿ’ಗೆ ನಿಲ್ಲಲಿಲ್ಲ. ಇನ್ಸ್‌ಪೆಕ್ಟರ್ ಮೇಡಂ ಬರುವಾಗಲೂ ಮೇಷ್ಟ್ರು ಬಂಪರಿಗೂ ಗೋಡೆಗೂ ನಡುವೆ ನಿಂತೇ ಇದ್ದರು, ಬ್ರಷ್ ಕೈಯಲ್ಲಿ. ಎಲ್ಲಿಯವರೆಗೆ ಬಣ್ಣ, ಎಲ್ಲಿಂದ ರಕ್ತ ಎಂದು ತಿಳಿಯಲು, ಊರೆಲ್ಲ ಮೀಸೆ ಎಂದೇ ಕರೆಯುವ ಹೆಡ್ ಕಾನ್‌ಸ್ಟೇಬಲ್ ಬಗ್ಗಿ ನೋಡಬೇಕಾಯಿತು.

ಮೇಡಂ ಮೊದಲು ಕಾರಿನೊಳಗೆ ತಲೆ ಹಾಕಿದರು. ಎಂಜಿನ್ ಆರಿತ್ತು. ಕೀಲಿ ಎಳೆದರೆ ಬರಲಿಲ್ಲ. ಗೇರ್ ಪಾರ್ಕಿಂಗಿನಲ್ಲಿ ಇಲ್ಲದಿದ್ದರೆ ಈ ಆಟೊಮ್ಯಾಟಿಕ್ ಕಾರು ಕೀಲಿ ಬಿಡುವುದಿಲ್ಲ. ಅವರು ಗೇರಿನ ಕಡ್ಡಿಯನ್ನೇ ಸ್ವಲ್ಪ ಹೊತ್ತು ನೋಡಿದರು. ಯಾರಿಗೂ ಏನೂ ಹೇಳಲಿಲ್ಲ. ಆಮೇಲೆ ಅದನ್ನು ನ್ಯೂಟ್ರಲ್ಲಿಗೆ ತಂದು, “ಈಗ ತಳ್ಳಿ” ಎಂದರು.

ಹಿಂದಿನ ಸೀಟಿನ ಕೆಳಗೆ ಹೂವಿನ ಬಟ್ಟೆಯ ದಿಂಬೊಂದು ಬಿದ್ದಿತ್ತು.

“ಅದು ನಂದು ಮೇಡಂ,” ಬಾಗಿಲ ಬಳಿ ಕುಸಿದು ಕೂತಿದ್ದ ಹೆಂಗಸು ಹೇಳಿದಳು. “ನಾನೇ ಕೊಂದಿದ್ದು.”

* * *

ಹೆಂಗಸು ಟೈಲರ್. ಕೊಟ್ಟ ನೀರಿನ ಲೋಟವನ್ನು ಪಕ್ಕಕ್ಕಿಟ್ಟು ಹೇಳತೊಡಗಿದಳು.

“ಇವತ್ತೂ ಗೋಡೆಗೆ ಬಣ್ಣ ಹಚ್ತಾನೇ ನನ್ನ ಅಣಕಿಸಿದ್ರು. ‘ಅಯ್ಯೋ ಸಾರ್, ಬ್ರೇಕು ಯಾವ್ದು ಸಾರ್, ಗುಂಡಿ ಹೊಲೀಬೇಕಾ ಸಾರ್’ ಅಂತ, ನನ್ನ ದನೀಲೇ. ಅಳು ಬಂತು. ಹಾಗೇ ಇಳಿದು ನಲ್ಲಿ ಹತ್ರ ಮುಖ ತೊಳೆಯೋಕೆ ಹೋದೆ. ಢಬ್ ಅಂತು. ಓಡಿ ಬಂದೆ. ಕಾರಲ್ಲಿ ಯಾರೂ ಇಲ್ಲ, ಎಂಜಿನ್ ಕೂಗ್ತಿತ್ತು. ಕೀಲಿ ತಿರುಗಿಸಿ ಆರಿಸಿದೆ. ಪಾರ್ಕಿಂಗಿಗೆ ಹಾಕದೇ, ಮುಂದೆ ಹೋಗೋ ಡಿಯಲ್ಲೇ ಬಿಟ್ಟು ಇಳಿದಿರ್ಬೇಕು ನಾನು.”

“ದಿಂಬು?”

“ಬೆನ್ನಿಗಿಟ್ಕೋತೀನಿ. ಇಲ್ದಿದ್ರೆ ಕಾಲು ಎಟಕಲ್ಲ. ಸೀಟಲ್ಲೇ ಬಿಟ್ಟಿದ್ದೆ.”

“ಇದನ್ನ ಎಂದಾದ್ರೂ ಪಕ್ಕಕ್ಕೆ ಸರಿಸಿದ್ದೀರಾ?” ಮೇಡಂ ಗಾಳಿಯಲ್ಲಿ ಗೇರ್ ಎಳೆದು ತೋರಿಸಿದರು.

“ಪಕ್ಕಕ್ಕಾ? ಮುಂದೆ ಹಿಂದೆ ಮಾಡೋದ್ರಲ್ಲೇ ಪ್ರಾಣ ಹೋಗ್ತಿದೆ, ಪಕ್ಕಕ್ಕೆ ಯಾಕೆ ಮೇಡಂ?”

ಮೀಸೆ ಹೊರಗೆ ಬಂದು ಪಿಸುಗುಟ್ಟಿದ. “ಬ್ರೇಕ್ ಸರಿಯಾಗಿದೆ ಮೇಡಂ, ಮೆಕ್ಯಾನಿಕ್ ನೋಡ್ದ. ಅವಳೇ ಒಪ್ಕೊಂಡಳಲ್ಲ. ಕೈಗೆ ಬಂದ ತುತ್ತು.”

“ತುತ್ತಲ್ಲಿ ಕಲ್ಲಿದೆ ಕಣಯ್ಯ. ಮೊದಲು ಅಗಿ, ಆಮೇಲೆ ನುಂಗು.”

* * *

ಮೇಷ್ಟ್ರ ಹೆಂಡತಿ ಅಳಲಿಲ್ಲ. “ಯಾರನ್ನ ಅಣಕಿಸಿಲ್ಲ ಅವರು? ನಾನು ಗೊರಕೆ ಹೊಡೆಯೋದನ್ನ ಬೀಗರ ಮುಂದೆ ಮಾಡಿ ತೋರಿಸ್ತಿದ್ರು. ನಂಗೆ ಗಾಡಿ ಬಿಡೋಕೆ ಬಂದಿದ್ರೆ ನಾನೇ ಗುದ್ದುತಿದ್ದೆ ಮೇಡಂ.”

ಅವಳ ತಮ್ಮ ಪಕ್ಕದಲ್ಲೇ ನಿಂತಿದ್ದ. ಸ್ಕೂಲಿನ ಎರಡನೇ ಮೇಷ್ಟ್ರು. ಆರಡಿ ಆಳು, ದಪ್ಪ ಕನ್ನಡಕ, ಅತ್ತಿತ್ತ ತೂಗುವ ನಡಿಗೆ. ತಾನು ಶೆಡ್ಡಿನಲ್ಲಿ ಟೈರ್ ಬಿಚ್ಚುತ್ತಿದ್ದೆ ಎಂದ.

“ಈ ಕಾರನ್ನ ನೀವು ಹೇಗೆ ಓಡಿಸ್ತೀರಿ?” ಮೇಡಂ ಕೇಳಿದರು.

“ಡಿಗೆ ಹಾಕೋದು, ಹೋಗೋದು. ಆ ಎಂ ಗಿಂ, ಕೈಯಲ್ಲೇ ಗೇರ್ ಬದಲಾಯಿಸೋದು ಎಲ್ಲ ನಂಗೆ ಆಗಿಬರಲ್ಲ. ಮುಟ್ಟೇ ಇಲ್ಲ ನಾನು.”

“ಸರಿ. ಗೋಡೇಲಿ ಭಾವ ಬರೀತಿದ್ದ ಚಿತ್ರ ಏನದು?”

ಅವನು ನಕ್ಕ. ಉತ್ತರ ಕೊಟ್ಟದ್ದು ಅಕ್ಕ. “ಬಾತುಕೋಳಿ. ಕನ್ನಡಕ ಹಾಕ್ಕೊಂಡಿರೋ ಬಾತುಕೋಳಿ. ಇವನ ನಡಿಗೆ ನೋಡಿ, ಗೊತ್ತಾಗತ್ತೆ. ಕಲಿಯೋಕೆ ಬಂದವರಿಗೆಲ್ಲ ‘ಬಾತುಕೋಳಿ ದಾಟುವ ಸ್ಥಳ, ನಿಧಾನ’ ಅಂತ ಪಾಠ ಹೇಳಿಕೊಡ್ತೀನಿ ಅಂತಿದ್ರು. ಬೆಳಿಗ್ಗೆ ಎಲ್ಲರೂ ನಕ್ಕಿದ್ದೇ ನಕ್ಕಿದ್ದು. ಇವನೇ ಎಲ್ಲರಿಗಿಂತ ಜೋರಾಗಿ ನಕ್ಕ. ಯಾವಾಗ್ಲೂ ಹಾಗೇ, ಪಾಪ.”

* * *

ಮರುದಿನ ಮೇಡಂ ಎಲ್ಲರನ್ನೂ ಅಂಗಳಕ್ಕೆ ಕರೆಸಿದರು. ಕಾಂಪೌಂಡಿನಾಚೆ ಕಲಿಯಲು ಬರುವವರ ಸಾಲು ಇಣುಕುತ್ತಿತ್ತು.

“ಕೊಲೆ ಮಾಡಿದಾಗ ಕಾರು ಡಿಯಲ್ಲಿತ್ತು,” ಮೇಡಂ ಗಟ್ಟಿಯಾಗಿ ಹೇಳಿದರು. “ಯಾರ ಕೈ ಡಿಗೆ ಹೋಗತ್ತೋ ಅವರೇ ನಮ್ಮ ಜನ. ಗೇಟಿನ ತನಕ ಓಡಿಸಿ ತೋರಿಸಿ. ಟೈಲರಮ್ಮ, ಮೊದಲು ನೀವು.”

ಟೈಲರಮ್ಮ ದಿಂಬು ಇಟ್ಟುಕೊಂಡು ಕೂತಳು. ಗಾಜಿನ ಮುಂದೆ ಗೋಡೆಯ ಮೇಲಿನ ಕಲೆ. ಗೇರಿನ ಮೇಲೆ ಕೈ ಇಟ್ಟಳು. “ಮೇಡಂ, ಮುಂದೆ ಹೋಗೋಕೆ ನಂಗೆ ಬರೋದು ಡಿ ಒಂದೇ,” ಎಂದು ಬಿಕ್ಕಿದಳು. “ಮನೇಲಿ ಮಗಳೊಬ್ಬಳೇ ಇದ್ದಾಳೆ.”

“ಹಾಕಿ.”

ಹಾಕಿದಳು. ಕಾರು ರಿವರ್ಸಿಗೆ ಹೋಗಿ, ತಿರುಗಿ, ಡಿಯಲ್ಲಿ ಗೇಟು ಮುಟ್ಟಿತು. ಗೋಡೆಯಾಚೆ ಯಾರೋ ಲೊಚಗುಟ್ಟಿದರು. ಮೀಸೆ ಬೇಡಿ ಹೊರಗೆ ತೆಗೆದ.

“ಈಗ ನೀವು ವಾಪಸ್ ತನ್ನಿ,” ಮೇಡಂ ಭಾಮೈದನಿಗೆ ಹೇಳಿದರು.

ಅವನು ದಿಂಬು ಎತ್ತಿ ಹಿಂದಿನ ಸೀಟಿಗೆ ಎಸೆದು ಕೂತ. ಡಿಯಿಂದ ಗೇರನ್ನು ಪಕ್ಕದ ಸಂದಿಗೆ ಟಕ್ಕೆಂದು ಸರಿಸಿದ. “ನೋಡಿ ಮೇಡಂ, ನಾನು ಯಾವತ್ತೂ ಎಂ. ಕ್ಲಚ್ ಗಾಡಿ ಕಲಿಸಿ ಬೆಳೆದ ಕೈ ಇದು, ಫಸ್ಟು ಸೆಕೆಂಡು ಅಂತ ತಾನೇ ಹಾಕಿದ್ರೇನೇ ಸಮಾಧಾನ. ಕಾರೇ ಗೇರ್ ಹಾಕ್ಕೊಳೋ ಡಿ, ಥೂ, ಹೆಂಗಸರಿಗೆ!” ಮುಂದೆ ತಳ್ಳಿ ಗೇರ್ ಏರಿಸಿದ, ಹಿಂದೆ ಎಳೆದು ಇಳಿಸಿದ. ಕಾರು ಬೆಣ್ಣೆಯಂತೆ ತಿರುಗಿ ಬಂದು ಗೋಡೆಯ ಮುಂದೆ ನಿಂತಿತು.

“ಚೆನ್ನಾಗಿದೆ,” ಮೇಡಂ ಎಂದರು. “ನಿನ್ನೆ ಎಂ ಮುಟ್ಟೇ ಇಲ್ಲ ಅಂದ್ರಿ. ನಾನು ಎಂ ಅನ್ನೋ ಮಾತೇ ಎತ್ತಿರ್ಲಿಲ್ಲ. ಇವತ್ತು ಡಿ ಅಂದ ತಕ್ಷಣ ಡಿಗೆ ಥೂ ಅಂತೀರಿ. ತಪ್ಪಿಲ್ಲದವನಿಗೆ ಯಾವ ಸಂದಿಯಾದ್ರೇನು? ತಪ್ಪಿದ್ದವನು ಮಾತ್ರ ನಾವು ನೋಡೋ ಕಡೆಯಿಂದ ಓಡ್ತಾನೆ.”

“ಆದ್ರೆ ಕಾರು ಡಿಯಲ್ಲಿ...”

“ಎಂನಲ್ಲಿತ್ತು. ಫಸ್ಟ್ ಗೇರ್. ನೋಡಿದ್ದು ನಾನೊಬ್ಬಳೇ. ಡಿ ಅಂತ ಸುಳ್ಳು ಹೇಳ್ದೆ. ಪಕ್ಕಪಕ್ಕದ ಸಂದಿ, ದಡ್ಡ ಪೊಲೀಸರಿಗೆ ವ್ಯತ್ಯಾಸ ಗೊತ್ತಾಗಿಲ್ಲ ಅಂದ್ಕೊಂಡ್ರಿ. ಟೈಲರಮ್ಮನಿಗೆ ಆ ಸಂದಿ ಇರೋದೇ ಗೊತ್ತಿಲ್ಲ. ಅವರು ಪಾರ್ಕಿಂಗಿನಲ್ಲೇ ಬಿಟ್ಟು ಹೋಗಿದ್ರು, ಎಂಜಿನ್ ಮಾತ್ರ ಆರಿಸಿರ್ಲಿಲ್ಲ. ಆಮೇಲೆ ಹತ್ತಿದವನಿಗೆ ಗೋಡೆಗೆ ಒತ್ತೋಕೆ ಫಸ್ಟ್ ಗೇರ್ ಬೇಕು ಅನ್ನಿಸ್ತು. ಕ್ಲಚ್ ಗಾಡಿ ಕೈ ತಾನೇ ಪಕ್ಕಕ್ಕೆ ಹೋಯ್ತು. ಕಾಲು ಉದ್ದ ಅಂತ ದಿಂಬೂ ಹಿಂದಕ್ಕೆ ಹೋಯ್ತು. ನಿನ್ನೆಯೂ ಹಿಂದೆ, ಇವತ್ತೂ ಹಿಂದೆ.”

ಟೈಲರಮ್ಮ ಮೇಡಂ ಮುಖವನ್ನೇ ನೋಡಿದಳು. “ಸುಳ್ಳು ಅಂತ ಗೊತ್ತಿದ್ದೂ ನನ್ನ ಅಷ್ಟು ಅಳಿಸಿದ್ರಾ?”

“ನೀವು ಅಳದಿದ್ರೆ ಅವನು ನಂಬ್ತಿರ್ಲಿಲ್ಲಮ್ಮ.”

ಮೀಸೆ ಬೇಡಿಯನ್ನು ಭಾಮೈದನ ಕಡೆ ತಿರುಗಿಸಿದ. ಅವನು ತೂಗುತ್ತಾ ಕಾರಿನಿಂದ ಇಳಿದ. ಗೋಡೆಯಾಚೆಯಿಂದ ಯಾವನೋ, “ಬಾತುಕೋಳಿ ದಾಟುವ ಸ್ಥಳ, ನಿಧಾನ!” ಎಂದು ಸತ್ತ ಮೇಷ್ಟ್ರ ದನಿಯಲ್ಲೇ ಕೂಗಿದ. ಸಾಲಿಗೆ ಸಾಲೇ ನಕ್ಕಿತು. ಮೀಸೆ ನಕ್ಕ. ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಒಳಗಿದ್ದದ್ದು ಅಳುವೋ ನಗುವೋ ತಿಳಿಯಲಿಲ್ಲ.

ಕೈಗೆ ಬೇಡಿ ಬೀಳುವಾಗ ಅವನು ಗೋಡೆಯ ಮೇಲಿನ ಅರ್ಧ ಬಾತುಕೋಳಿಯನ್ನು ನೋಡಿದ. ಭುಜ ಕುಲುಕತೊಡಗಿತು. ಕನ್ನಡಕ ಜಾರಿ ಕೆಳಗೆ ಬಿತ್ತು. ಭಾವನ ಪ್ರತಿ ಅಣಕಕ್ಕೂ ನಕ್ಕು ಪಳಗಿದ ಗಂಟಲು ಅದು. ಅವನು ಎಲ್ಲರಿಗಿಂತ ಜೋರಾಗಿ ನಕ್ಕ.