ಮುಳುಗಿದ ಹಡಗಿನ ಲಕೋಟೆ

“ಇಟ್ಕೊಳ್ಳಿ, ನೋಡಿ ಸಂತೋಷಪಡಿ. ಆದ್ರೆ ಬಿಚ್ಚಬೇಡಿ ಡಾಕ್ಟ್ರೇ,” ಎಂದ ಅಂಚೆಚೀಟಿ ಅಂಗಡಿಯ ಮುದುಕ.

ಯುದ್ಧಕಾಲದ ಲಕೋಟೆ. ನಾವಿಕನೊಬ್ಬನ ವಿಳಾಸದ ಮೇಲೆ ಅಡ್ಡಲಾಗಿ ನೇರಳೆ ಮುದ್ರೆ: ಹಡಗು ಮುಳುಗಿದೆ, ಕಳಿಸಿದವರಿಗೆ ವಾಪಸ್.

“ಮಗ ಸತ್ತ ಅಂತ ತಾಯಿ ನಂಬಲೇ ಇಲ್ಲ. ವಾಪಸ್ ಬಂದ ಕವರಿಗೆ ಮಾಟ ಮಾಡಿಸಿ ಮತ್ತೆ ಅಂಟಿಸಿದ್ಲು. ಇದು ಎಲ್ಲಿ ಬಿಚ್ಚಿಕೊಳ್ಳುತ್ತೋ ಆ ಮನೆಗೆ ಅವನು ಬರ್ಲಿ ಅಂತ. ಬಿಚ್ಚೋಕೆ ಮುಂಚೆ ಅವಳೇ ಹೋಗ್ಬಿಟ್ಲು.”

ಹಲ್ಲಿನ ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಬರ್ಲಿ ಬಿಡಿ, ಹಲ್ಲು ನೋಡಿ ಕಳಿಸ್ತೀನಿ.”

ಯುದ್ಧನೌಕೆಗಳ ಅಂಚೆ ಸಂಗ್ರಹಿಸುವ ಹುಚ್ಚು ಅವರಿಗೆ ಹೊಸದು, ತಾಳ್ಮೆಯಂತೂ ಮೊದಲಿನಿಂದಲೂ ಇರಲಿಲ್ಲ. ಒಳಗಿನ ಕಾಗದದಲ್ಲಿ ಹಡಗಿನ ಹೆಸರಿದ್ದರೆ ಪ್ರದರ್ಶನದಲ್ಲಿ ಬಹುಮಾನ ಗ್ಯಾರಂಟಿ. ಆವಿ ಹಿಡಿದು ಬಿಚ್ಚುವುದು, ಹಳೆಯ ಅಂಟನ್ನೇ ನಾಲಗೆಯಿಂದ ನೆನೆಸಿ ಮತ್ತೆ ಒತ್ತಿಬಿಡುವುದು. ಸಂಗ್ರಾಹಕರೆಲ್ಲ ಬಾಯಲ್ಲಿ ಬಯ್ಯುತ್ತ ಕದ್ದುಮುಚ್ಚಿ ಮಾಡುವ ಕೆಲಸವಿದು. ಹೆಂಡತಿ ಆಫೀಸಿಗೆ ಹೋಗಿದ್ದಳು. ಏಳು ವರ್ಷದ ಮಗಳು ಜ್ವರ ಬಂದು ಒಳಕೋಣೆಯಲ್ಲಿ ಮಲಗಿದ್ದಳು.

ಕೆಟಲ್ ಕುದಿಯಿತು. ಅಂಚು ಮೆಲ್ಲಗೆ ಸಡಿಲವಾಯಿತು. ಲಕೋಟೆಯೊಳಗೆ ಕಾಗದವಿರಲಿಲ್ಲ, ಗಂಟು ಹಾಕಿದ ಒಂದು ನರೆಗೂದಲಿತ್ತು. ಡಾಂಬರು, ಎಣ್ಣೆ, ಕೊಳೆತ ಪಾಚಿಯ ವಾಸನೆ ಗಪ್ಪನೆ ಮೂಗಿಗೆ ಹೊಡೆಯಿತು. ನಡುಮಧ್ಯಾಹ್ನದಲ್ಲಿ ಅಡುಗೆಮನೆಗೆ ಕತ್ತಲು ಕವಿಯಿತು. ನಡುಮನೆಯಲ್ಲಿ ಯಾರೋ ಒದ್ದೆ ಕಾಲಲ್ಲಿ ನಡೆದರು. ಪಚ್. ಪಚ್. ಒಳಕೋಣೆಯಲ್ಲಿ ಕೆಮ್ಮು ಕೇಳಿತು.

ಅದು ಮಗುವಿನ ಕೆಮ್ಮಲ್ಲ.

ಡಾಕ್ಟರು ಓಡಿದರು. ಮಗಳು ಎದ್ದು ಕೂತಿದ್ದಳು. ಕೂದಲಿನಿಂದ, ಮೂಗಿನಿಂದ, ಬಾಯಿಂದ ನೀರು. “ಮರೀ...” ಅವಳು ಅಪರಿಚಿತನನ್ನು ನೋಡುವಂತೆ ನೋಡಿದಳು. ಗಂಟಲಿನಿಂದ ಎಳೆಗಂಡಸಿನ ಒಡಕು ದನಿ ಹೊರಟಿತು.

“ಅಮ್ಮ ಎಲ್ಲಿ?”

ಡಾಕ್ಟರು ತಿರುಗಿ ಅಡುಗೆಮನೆಗೆ ಬಿದ್ದೆದ್ದು ಓಡಿದರು. ಮುಚ್ಚಬೇಕು. ಅಂಟನ್ನು ನೆಕ್ಕಿದರು. ಬಾಯೆಲ್ಲ ಉಪ್ಪು. ಒತ್ತಿದರು. ಕತ್ತಲು ಕರಗಿತು, ವಾಸನೆ ಹೋಯಿತು. ಬದುಕಿದೆವಪ್ಪಾ ಎಂದು ಗೋಡೆಗೆ ಒರಗಿದರು.

ದಡ್. ದಡ್. ಮಂಚಕ್ಕೆ ಹಿಮ್ಮಡಿ ಬಡಿಯುತ್ತಿತ್ತು.

ಲಕೋಟೆ ಹಿಡಿದೇ ಓಡಿದರು. ಮಗುವಿನ ತುಟಿ ನೀಲಿ. ಕಣ್ಣು ಮೇಲೆ. ಪುಟ್ಟ ಕೈಗಳು ಗಾಳಿಯಲ್ಲಿ ಏನನ್ನೋ ಹಿಡಿಯಲು ತಡಕಾಡುತ್ತಿದ್ದವು. ಅವನು ಮತ್ತೆ ಮುಳುಗುತ್ತಿದ್ದ. ಅವಳ ಮೈಯೊಳಗೇ ಇದ್ದು ಮುಳುಗುತ್ತಿದ್ದ. ಡಾಕ್ಟರು ಹಲ್ಲಿನಿಂದ ಕಚ್ಚಿ ಲಕೋಟೆಯನ್ನು ಹರಿದರು.

ಮಗುವಿಗೆ ಉಸಿರು ಬಂತು.

ಸಂಜೆ ಹೆಂಡತಿ ಬಂದವಳೇ ಮಗುವಿನ ಹಣೆ ಮುಟ್ಟಿದಳು. “ಜ್ವರ ಬಿಟ್ಟಿದೆ ಕಣ್ರೀ! ನೋಡೇ ಮರೀ, ಅಮ್ಮ ಬಂದೆ.”

ಮಗು ಸಂಕೋಚದಿಂದ ಹಿಂದೆ ಸರಿಯಿತು. ಅದೇ ಒಡಕು ದನಿ.

“ನೀವು ಯಾರ ಅಮ್ಮ?”

ಹೆಂಡತಿ ಗಂಡನತ್ತ ತಿರುಗಿದಳು. ಡಾಕ್ಟರು ಹರಿದ ಲಕೋಟೆಯ ಬಾಯಿ ಅಪ್ಪಿತಪ್ಪಿಯೂ ಮುಚ್ಚಿಕೊಳ್ಳದಂತೆ ಎರಡು ಬೆರಳು ತೂರಿಸಿ ಹಿಡಿದುಕೊಂಡು ನಿಂತಿದ್ದರು.