ಎಂಟನೆಯ ಧ್ವನಿ ಕೆಟ್ಟ ಬಗೆ

"ಆರು ವರ್ಷದ ಮಗುವಿನ ಧ್ವನಿಗೆ ಮುದುಕನ ಸ್ವರದ ಎತ್ತರ ತೋರಿಸ್ತಿದೆ, ತಾತ. ನಾಳೆ ಪರೀಕ್ಷಕರು ಬರ್ತಾರೆ. ಇದು ಸರಿಹೋಗದಿದ್ರೆ ನನ್ನ ಸೇತುವೆ ಕಸದ ಬುಟ್ಟಿಗೆ, ನಾನು ಮನೆಗೆ," ಎಂದು ತಂಗಿ ಬಾಗಿಲಲ್ಲೇ ನಿಂತು ಹೇಳಿದಳು.

ಮಾತಿನ ಧ್ವನಿಗಳನ್ನು ಅಳೆಯುವ ಆ ಸಂಶೋಧನಾಲಯದಲ್ಲಿ ಎಲ್ಲರಿಗೂ ಅವಳು ತಂಗಿಯೇ. ಅವಳ ಒಡಹುಟ್ಟಿದ ಅಕ್ಕ ಹನ್ನೊಂದು ವರ್ಷದಿಂದ ಅಲ್ಲಿಯೇ ಹಳೆಯ ಸಾಫ್ಟ್‌ವೇರಿನ ಮುಂದೆ ಕೂತು ಒಂದೊಂದೇ ಧ್ವನಿಯನ್ನು ಕಿವಿಗೊಟ್ಟು ಅಳೆಯುತ್ತಿದ್ದಳು. ತಂಗಿ ಬರೆದ ಸೇತುವೆ ಎಂಬ ಪ್ರೋಗ್ರಾಮು ಆ ಸಾಫ್ಟ್‌ವೇರನ್ನು ಅಂಕಿಅಂಶದ ಮೇಷ್ಟ್ರ ಪ್ರೋಗ್ರಾಮಿಗೆ ಜೋಡಿಸಿ, ಅಕ್ಕನ ವಾರದ ಕೆಲಸವನ್ನು ಟೀ ಆರುವಷ್ಟರಲ್ಲಿ ಮುಗಿಸುತ್ತಿತ್ತು.

ಎಲ್ಲರೂ ತಾತ ಎನ್ನುತ್ತಿದ್ದವರು ಧ್ವನಿಮುದ್ರಣ ಕೋಣೆಯ ಮೇಲ್ವಿಚಾರಕರು. ಅಲ್ಲಿನ ಗುಟ್ಟುಗಳನ್ನೆಲ್ಲ ಬಿಡಿಸುವವರೂ ಅವರೇ. ಅವರ ಬಲಗೈಯಂತಿದ್ದ ಗುಮಾಸ್ತನಿಗೆ ತಂಗಿಯನ್ನು ಕಂಡರೆ ಅಸೂಯೆ. ಇಪ್ಪತ್ತು ವರ್ಷದಲ್ಲಿ ಅವನನ್ನೊಮ್ಮೆಯೂ ಹೊಗಳದ ತಾತ ಈ ಸೇತುವೆಯನ್ನು ಮೂರು ಸಲ ಹೊಗಳಿದ್ದರು.

"ಅವಳೇ ಎಲ್ಲೋ ಎಡವಿರಬೇಕು," ಎಂದ.

"ಬೆಳಿಗ್ಗೆ ಸರಿಯಿತ್ತಲ್ಲಯ್ಯಾ. ಆಗಿನ ಸೇತುವೆಯ ಪ್ರತಿ ನನ್ನ ಹತ್ರ ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡು," ಎಂದರು ತಾತ.

ಊಟದ ಹೊತ್ತಿನಲ್ಲಿ ಒಂದೇ ಒಂದು ಸಾಲು ಹೊಸದಾಗಿ ಸೇರಿತ್ತು. ಏಳು ಎಂಬ ಅಂಕಿಯ ಧ್ವನಿಯನ್ನು ಗಂಡಸಿನ ಸ್ವರದ ಮಿತಿಯಲ್ಲಿ ಅಳೆ ಎಂದು ಅದರ ಅಪ್ಪಣೆ. ಆದರೆ ಕೆಟ್ಟದ್ದು ಗೋಡೆಗೆ ಅಂಟಿಸಿದ್ದ ಧ್ವನಿಗಳ ಪಟ್ಟಿಯ ಎಂಟನೆಯದು.

"ನಾಳೆ ಪರೀಕ್ಷಕರಿಗೆ ತೋರಿಸೋದು ಯಾವುದು?" ಎಂದರು ತಾತ.

"ಏಳನೆಯದು. ಅದೂ ಮಗುವಿನದೇ. ಅದಕ್ಕೇನೂ ಆಗಿಲ್ಲ. ಯಾರಿಗೂ ಬೇಡದ ಎಂಟನೆಯದನ್ನು ಕೆಡಿಸಿ ಯಾರಿಗೇನು ಲಾಭ?" ಗುಮಾಸ್ತ ತಲೆ ಕೆರೆದುಕೊಂಡ. "ಮೇಷ್ಟ್ರನ್ನ ಕೇಳೋಣ ಅಂದ್ರೆ, ಅವರು ಮೆಟ್ಟಿಲನ್ನೂ ಸೊನ್ನೆಯಿಂದ ಎಣಿಸೋ ಆಸಾಮಿ."

ತಾತ ಕಾವ್ಯ ಕೇಳಲು ಕೂತವರಂತೆ ಕಣ್ಣು ಮುಚ್ಚಿದರು. ಕಣ್ಣು ತೆರೆದು, "ಎಲ್ಲರನ್ನೂ ಕರಿ," ಎಂದರು.

ಸಂಶೋಧನಾಲಯದ ಮುಖ್ಯಸ್ಥೆಯ ಕೋಣೆಯಲ್ಲಿ ಎಲ್ಲರೂ ಸೇರಿದರು. "ಸೇತುವೆಯ ಪಾಸ್‌ವರ್ಡ್ ಗೊತ್ತಿರೋದು ಮೂವರಿಗೆ," ತಾತ ಶುರುಮಾಡಿದರು. "ತಂಗಿಗೆ, ಮೇಷ್ಟ್ರಿಗೆ, ಅಕ್ಕನಿಗೆ. ಸೇತುವೆಯಲ್ಲಿ ಎಣಿಕೆ ಸೊನ್ನೆಯಿಂದ. ಅಲ್ಲಿ ಏಳು ಅಂದ್ರೆ ಗೋಡೆಯ ಎಂಟು. ಕೈಯಾಡಿಸಿದವರ ಗುರಿ ನಾಳೆ ತೋರಿಸೋ ಏಳನೆಯದು, ಏಟು ಬಿದ್ದದ್ದು ಪಕ್ಕದ್ದಕ್ಕೆ. ತಂಗಿ, ಮೇಷ್ಟ್ರು ಇಬ್ಬರೂ ನಿದ್ದೆಯಲ್ಲೂ ಈ ತಪ್ಪು ಮಾಡಲ್ಲ. ಹಳೆ ಸಾಫ್ಟ್‌ವೇರ್ ಎಣಿಸೋದು ಒಂದರಿಂದ. ಅದರಲ್ಲೇ ಕೈ ಪಳಗಿದವರು ಒಬ್ಬರೇ."

ಅಕ್ಕ ತಲೆ ತಗ್ಗಿಸಲಿಲ್ಲ. "ಹೌದು, ನಾನೇ. ಸಾಲು ಹೇಗೆ ಬರೆಯೋದು ಅಂತ ಇವಳೇ ತೋರಿಸಿದ್ದಳು. ಇವಳಿಗೆ ಧ್ವನಿ ಕೇಳಿ ಅಳೆಯೋದು ಕಲಿಸಿದವಳು ನಾನು. ಈಗ ಎಲ್ಲರ ಬಾಯಲ್ಲೂ ಇವಳ ಹೆಸರು. ಹನ್ನೊಂದು ವರ್ಷದಲ್ಲಿ ನನ್ನ ಮೇಜಿನ ಹತ್ರ ಯಾರು ಬಂದ್ರಿ?"

ಗುಮಾಸ್ತ ನೆಲ ನೋಡಿದ. ಆ ಮಾತು ಅವನ ಬಾಯಿಂದಲೇ ಬಂದಂತಿತ್ತು.

"ನಾಳೆ ಸೇತುವೆಯನ್ನೇ ತೋರಿಸ್ತೀವಿ," ಎಂದರು ಮುಖ್ಯಸ್ಥೆ ಅಕ್ಕನಿಗೆ. "ನಿಮ್ಮ ವಿಷಯ ಆಮೇಲೆ."

ತಂಗಿ ಆ ಸಾಲನ್ನು ಅಳಿಸಿ, ಎಂಟನೆಯದನ್ನು ಮತ್ತೆ ಅಳೆದಳು. ಅಕ್ಕ ಹಿಂದೆ ಕೈಯಾರೆ ಅಳೆದಿದ್ದ ಹಾಳೆಯನ್ನು ಪರದೆಯ ಪಕ್ಕ ಹಿಡಿದಳು. ಎರಡೂ ಒಂದೇ.

ಅಕ್ಕ ಬಗ್ಗಿ ಎರಡು ಸಲ ಓದಿದಳು. ತುಸುವಾದರೂ ತಪ್ಪಿರಲಿ ಎಂದು ಅವಳು ಹಂಬಲಿಸುತ್ತಿದ್ದುದು ಮುಖದಲ್ಲೇ ಕಾಣುತ್ತಿತ್ತು.

"ಇನ್ನೊಂದು ಅಳೆದು ತೋರಿಸು," ಎಂದಳು.

ತಂಗಿ ಪಕ್ಕಕ್ಕೆ ಸರಿದು ಕುರ್ಚಿಯಲ್ಲಿ ಜಾಗ ಮಾಡಿಕೊಟ್ಟಳು.