ರೆಕ್ಕೆಯ ಪಿನ್ನು

ಭಾನುವಾರ ಬೆಳಗ್ಗೆ 8.10ಕ್ಕೆ ಠಾಣೆಗೆ ನುಗ್ಗಿದ ಮೇಷ್ಟ್ರು ಕುರ್ಚಿ ತೋರಿಸಿದರೂ ಕೂರಲಿಲ್ಲ. ಅರವತ್ತೇಳರ ನಿವೃತ್ತ ಶಿಕ್ಷಕರು, ಗ್ಲೈಡರ್ ಕ್ಲಬ್ಬಿನ ಹಿರಿಯ ಪೈಲಟ್.

"ರೆಕ್ಕೆ ಜೋಡಿಸೋ ಪಿನ್ನು ಕಳುವಾಗಿದೆ ಮೇಡಂ. ಹನ್ನೊಂದರೊಳಗೆ ಸಿಗ್ಲೇಬೇಕು!"

"ಬೇರೇದು ಹಾಕ್ಕೊಳ್ಳಿ," ಎಂದರು ಇನ್ಸ್‌ಪೆಕ್ಟರ್.

"ಸೀರೆ ಪಿನ್ನಲ್ಲ ತಾಯಿ ಅದು! ಎರಡೂ ರೆಕ್ಕೆ ಹಿಡಿಯೋ ಉಕ್ಕಿನ ಗೂಟ. ನನ್ನ ವಿಮಾನಕ್ಕೆ ಅದೊಂದೇ."

ಎಂಜಿನ್ನಿಲ್ಲದ ವಿಮಾನದಲ್ಲಿ ಬಿಸಿಗಾಳಿಯನ್ನೇ ನಂಬಿ ಐನೂರು ಕಿಲೋಮೀಟರ್ ಸುತ್ತಿ ಬರುವುದು ಮೇಷ್ಟ್ರ ಆಸೆ. ಒಂಬತ್ತು ಸಲ ಹೊರಟು ಒಂಬತ್ತು ಸಲವೂ ಯಾರದೋ ಹೊಲದಲ್ಲಿ ಇಳಿದಿದ್ದರು. ಅವರ ಪರವಾನಗಿ ಅಂದೇ ಮುಗಿಯುತ್ತಿತ್ತು, ಈ ವಯಸ್ಸಿಗೆ ಮತ್ತೆ ಸಿಗುವಂತಿರಲಿಲ್ಲ. ಗಾಳಿಯೋ, ವರ್ಷಕ್ಕೊಮ್ಮೆ ಸಿಗುವಂಥದ್ದು. ಹನ್ನೊಂದರೊಳಗೆ ಹಾರದಿದ್ದರೆ ಸಂಜೆಗೆ ಮುಂಚೆ ಸುತ್ತು ಮುಗಿಯದು.

8.30ಕ್ಕೆ ಎಫ್‌ಐಆರ್ ದಾಖಲಾಯಿತು. 9ಕ್ಕೆ ಜೀಪು ಮೈದಾನ ಮುಟ್ಟಿದಾಗ ಅಲ್ಲಿ ಮದುವೆಮನೆಯ ಗಡಿಬಿಡಿ. ಒಬ್ಬರು ರೆಕ್ಕೆ ಒರೆಸುತ್ತಿದ್ದರೆ ಇನ್ನೊಬ್ಬರು ನಕ್ಷೆ ಮಡಚುತ್ತಿದ್ದರು. ಮಾತಾಡುವಾಗಲೂ ಎಲ್ಲರ ಕಣ್ಣು ಆಕಾಶದಲ್ಲೇ. ಮೊದಲ ಮೋಡಗಳು ಸಾಲುಗಟ್ಟುತ್ತಿದ್ದವು. ದಫೇದಾರ ಕೆಲಸ ಮರೆತು ಬಾಯಿಬಿಟ್ಟು ನಿಂತ. ಇನ್ಸ್‌ಪೆಕ್ಟರ್ ಕೂಡ ಕದ್ದು ಒಮ್ಮೆ ಮೇಲೆ ನೋಡಿದರು.

ವಿಮಾನ ಬಿಡಿಬಿಡಿಯಾಗಿ ಉದ್ದನೆಯ ಪೆಟ್ಟಿಗೆಗಾಡಿಯಲ್ಲಿ ಮಲಗಿತ್ತು. ಬೀಗ ಒಡೆದಿರಲಿಲ್ಲ. ಪಿನ್ನು ಕೂರುವ ತೂತಿಗೆ ಮಾತ್ರ ಬಿಳಿ ಟೇಪು ಅಂಟಿಸಿತ್ತು.

"ಇದು ನೀವು ಅಂಟಿಸಿದ್ದಾ?"

"ಇಲ್ಲ. ಧೂಳು ಹೋಗ್ದೇ ಇರ್ಲಿ ಅಂತ ಯಾರೋ..." ಮೇಷ್ಟ್ರು ಅರ್ಧಕ್ಕೇ ನಿಲ್ಲಿಸಿದರು.

ಕದಿಯುವಾಗಲೂ ರೆಕ್ಕೆಯ ಯೋಗಕ್ಷೇಮ ನೋಡಿದ ಕಳ್ಳ! ಹೊರಗಿನವನಂತೂ ಅಲ್ಲ. ಟೇಪಿನ ಒಂದು ತುದಿಯನ್ನು ಒಳಕ್ಕೆ ಮಡಚಿದ್ದೂ ಇನ್ಸ್‌ಪೆಕ್ಟರ ಕಣ್ಣಿಗೆ ಬಿತ್ತು.

9.40. ಕ್ಲಬ್ಬಿನ ಉಳಿದ ಆರೂ ಪೈಲಟ್‌ಗಳನ್ನು ಕರೆದು, ಜೀಪಿನ ಬಾನೆಟ್ಟಿನ ಮೇಲೆ ಒಂದೊಂದು ತುಂಡು ಟೇಪು ಅಂಟಿಸಲು ಹೇಳಿದರು. ಐವರು ಹರಿದರು, ಒತ್ತಿದರು, ಓಡಿದರು. ಆರನೆಯವನು ಮೇಷ್ಟ್ರ ತಮ್ಮ. ಅವನು ತುದಿ ಮಡಚಿದ.

"ಯಾಕೆ ಮಡಚಿದ್ರಿ?"

"ಕೀಳೋವಾಗ ಉಗುರು ಹಾಕಿದ್ರೆ ಗೀರು ಬೀಳುತ್ತೆ ಮೇಡಂ."

"ಪಿನ್ನು ಎಲ್ಲಿದೆ?"

ಅವನು ತನ್ನ ಕಾರಿನ ಡಿಕ್ಕಿ ತೆಗೆದ. ಗ್ರೀಸು ಸವರಿ, ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಪಿನ್ನು. ಮೈದಾನವೇ ಹೋ ಎಂದಿತು. "ಬನ್ನಿ, ಬನ್ನಿ, ಇನ್ನೂ ಟೈಮಿದೆ!" ಎಂದು ನಾಲ್ವರು ರೆಕ್ಕೆಗೆ ಕೈಹಾಕಿದರು.

"ಜೋಡಿಸ್ಬೇಡಿ!" ತಮ್ಮ ಕೂಗಿದ. "ಹೋದ ವಾರ ಕ್ಲಬ್ಬಿನ ಎರಡು ಸೀಟಿನ ಗ್ಲೈಡರಲ್ಲಿ ಇಬ್ರೂ ಹಾರ್ತಿದ್ವಿ. ಮೇಲೆ ಅಣ್ಣನಿಗೆ ಪ್ರಜ್ಞೆ ತಪ್ಪಿತು. ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡ."

"ಹತ್ತು ಸೆಕೆಂಡು ಕಣ್ಣು ಕತ್ತಲಾಯ್ತು, ಅಷ್ಟೇ," ಎಂದರು ಮೇಷ್ಟ್ರು.

"ಹತ್ತಲ್ಲ ಅಣ್ಣ. ನಲವತ್ತು. ಹಿಂದಿನ ಸೀಟಲ್ಲಿ ಕೂತು ಎಣಿಸಿದ್ದು ನಾನು. ಇವತ್ತು ನೀನು ಒಬ್ಬನೇ ಹೋಗೋನು."

ರೆಕ್ಕೆ ಹಿಡಿದವರು ಮೆಲ್ಲಗೆ ಕೆಳಗಿಟ್ಟರು. ಮೇಷ್ಟ್ರು ಇನ್ಸ್‌ಪೆಕ್ಟರ ಮುಂದೆ ಕೈಚಾಚಿದರು. "ನನ್ನ ಪಿನ್ನು ಕೊಡಿ. ಇವತ್ತು ಬಿಟ್ರೆ ನಂಗೆ ಇನ್ನಿಲ್ಲ."

"ಫೋಟೋ ತೆಗೆದು, ಬರೆಸ್ಕೊಂಡು ಕೊಟ್ಬಿಡೋಣ್ವಾ ಮೇಡಂ?" ದಫೇದಾರ ಪಿಸುಗುಟ್ಟಿದ.

"ಅರಗು ತಗೊಂಡ್ ಬಾ."

10.35ಕ್ಕೆ ಪಂಚನಾಮೆ ಮುಗಿದು ಪಿನ್ನು ಲಕೋಟೆ ಸೇರಿತು, ಮೊಹರು ಬಿತ್ತು. "ಇದು ಮುದ್ದೆಮಾಲು ಮೇಷ್ಟ್ರೇ. ಕೋರ್ಟು ಹೇಳೋವರೆಗೂ ಯಾರಿಗೂ ಕೊಡೋ ಹಾಗಿಲ್ಲ," ಎಂದರು ಇನ್ಸ್‌ಪೆಕ್ಟರ್. ಹೇಳುವಾಗ ಮೇಷ್ಟ್ರ ಮುಖ ನೋಡಲಾಗಲಿಲ್ಲ.

10.50ಕ್ಕೆ ತಮ್ಮನ ಬಂಧನವಾಯಿತು. ಮೊದಲ ಗ್ಲೈಡರ್ ನೆಲ ಬಿಟ್ಟಿತು, ಹಿಂದೆಯೇ ಎರಡನೆಯದು. ಮೇಷ್ಟ್ರು ತಲೆಯೆತ್ತಿ, ಅವು ಚುಕ್ಕಿಯಾಗುವವರೆಗೂ ನೋಡಿದರು. ಆಮೇಲೆ ಬಂದು ಜೀಪು ಹತ್ತಿ ತಮ್ಮನ ಪಕ್ಕ ಕುಳಿತರು.

"ದ್ರೋಹಿ," ಎಂದರು. "ನಿಂಗೆ ಜಾಮೀನು ನಾನಲ್ದೆ ಇನ್ಯಾರು ಕೊಡ್ತಾರೋ?"

ಠಾಣೆಯಲ್ಲಿ, ಕೃತ್ಯದ ಉದ್ದೇಶ ಎಂಬಲ್ಲಿ ಇನ್ಸ್‌ಪೆಕ್ಟರ್ ಆರೋಪಿ ಹೇಳಿದ್ದನ್ನೇ ಬರೆದರು: ಅಣ್ಣ ಮನೆಗೆ ಬರಲಿ ಎಂದು.